ಹಾಪ್ಸ್ ಬಿಯರ್ ನಾಲ್ಕು ಬಗೆ: ಬೆಳಗಾವಿಯ ಓಣಿ ಬಾರಿನಲ್ಲಿ ಯಾವುದು ನಿಲ್ಲುತ್ತದೆ?

ಪಿಲ್ಸ್ನರ್, ಪೇಲ್ ಏಲ್, ವೆಸ್ಟ್ ಕೋಸ್ಟ್ ಐಪಿಎ, ಹೇಜಿ ಐಪಿಎ (ಐಪಿಎ ಎಂದರೆ ಇಂಡಿಯಾ ಪೇಲ್ ಏಲ್, ಹೇಜಿ ಎಂದರೆ ಮಬ್ಬಾದದ್ದು). ಹಾಪ್ಸ್ ಹೂವಿನ ಕಹಿ ಮತ್ತು ಪರಿಮಳ ಮುಂದಾಗಿರುವ ಈ ನಾಲ್ಕು ಬಗೆಗಳನ್ನು ಒಂದೇ ಟೇಬಲ್ಲಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಕುಡಿದು ಹೋಲಿಸಿದ್ದೇವೆ. ಹೋಲಿಸಿದ್ದು ಬೆಳಗಾವಿಯ ಸಾಧಾರಣ ಓಣಿ ಬಾರಿಗೆ ತಕ್ಕಂತೆ. ಟಿಳಕವಾಡಿ, ಶಹಾಪುರ, ಕ್ಯಾಂಪ್ ಕಡೆ ಇರುವಂಥ ಆರೆಂಟು ಟೇಬಲ್ಲಿನ ಜಾಗ, ಗಾಜಿನ ಬಾಗಿಲಿನ ಒಂದು ಫ್ರಿಜ್, ಅದರೊಳಗೆ ಸದಾ ಉರಿಯುವ ಟ್ಯೂಬ್‌ಲೈಟ್, ಚಕಣಾಕ್ಕೆ ಮಸಾಲಾ ಶೇಂಗಾ ಮತ್ತು ಮಿರ್ಚಿ ಭಜಿ, ಊಟಕ್ಕೆ ಸುಕ್ಕಾ ಮಟನ್. ಬೆಂಗಳೂರಿನ ಬ್ರೂಪಬ್‌ನಲ್ಲಿ ಟ್ಯಾಂಕಿನಿಂದ ನೇರವಾಗಿ ಗ್ಲಾಸಿಗೆ ಇಳಿಯುವ ಬಿಯರ್ ಬಗ್ಗೆ ಕೊಟ್ಟ ತೀರ್ಪು ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಗೆಲ್ಲುವ ಹೇಜಿ ಇಲ್ಲಿ ಕೊನೆಗೆ ಬೀಳುತ್ತದೆ. ಕಾರಣ ತಾಜಾತನ.

ಹಾಪ್ಸ್ ಬಳ್ಳಿಯ ಹೆಣ್ಣು ಹೂವಿನೊಳಗೆ ಲುಪುಲಿನ್ ಎಂಬ ಹಳದಿ ಪುಡಿ ಇರುತ್ತದೆ. ಅದರಲ್ಲಿ ಎರಡು ಸಂಪತ್ತು: ಆಲ್ಫಾ ಆಮ್ಲ ಮತ್ತು ಸುಗಂಧದ ಎಣ್ಣೆ. ಆಲ್ಫಾ ಆಮ್ಲ ಕುದಿದಾಗ ರೂಪ ಬದಲಿಸಿ ಕಹಿಯಾಗುತ್ತದೆ, ಅದೇ ಕುದಿತದಲ್ಲಿ ಎಣ್ಣೆ ಹಬೆಯೊಂದಿಗೆ ಹಾರಿಹೋಗುತ್ತದೆ. ಹೀಗಾಗಿ ಕಹಿ ಬೇಕಾದ ಹಾಪ್ಸನ್ನು ಕುದಿತದ ಆರಂಭದಲ್ಲೇ ಹಾಕಿ 60 ನಿಮಿಷ ಬೇಯಿಸುತ್ತಾರೆ, ಪರಿಮಳ ಬೇಕಾದದ್ದನ್ನು ಕೊನೆಗೆ ಹಾಕುತ್ತಾರೆ, ಇಲ್ಲವೆ ಹುದುಗಿದ ಬಿಯರ್‌ನಲ್ಲೇ ನೆನೆಹಾಕುತ್ತಾರೆ. ಈ ಕೊನೆಯ ಕ್ರಮಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ. ಕಹಿಯ ಅಳತೆ ಐಬಿಯು. 1 ಐಬಿಯು ಎಂದರೆ ಲೀಟರಿಗೆ ಸುಮಾರು 1 ಮಿಲಿಗ್ರಾಂ ಕಹಿ ಪದಾರ್ಥ. ನಮ್ಮ ಸಾಮಾನ್ಯ ಬಾಟಲಿ ಬಿಯರ್‌ಗಳು, ಅಂದರೆ ಲಾಗರ್‌ಗಳು, ಹೆಚ್ಚಾಗಿ 20ರ ಒಳಗಿರುತ್ತವೆ. ಬಾರಿನಲ್ಲಿ ‘ಕಡಕ್ ಬಿಯರ್ ಕೊಡಿ’ ಎಂದು ಕೇಳಿದರೆ ಸ್ಟ್ರಾಂಗ್ ಬಾಟಲಿ ಬರುತ್ತದೆ. ಅದರಲ್ಲಿ ಹೆಚ್ಚಿರುವುದು ಆಲ್ಕೋಹಾಲ್, ಹಾಪ್ಸ್ ಅಲ್ಲ. ಲೇಬಲ್ ಮೇಲಿನ ಬಗೆಯ ಹೆಸರು ಹೇಳಿಯೇ ಕೇಳಬೇಕು.

ಹೋಲಿಸುವ ಕ್ರಮ

ಒಂದೊಂದು ಬಗೆಗೂ 100 ಮಿಲಿ ಸಾಕು. ಮೂರು ಜನ ಸೇರಿದರೆ 330 ಮಿಲಿಯ ಒಂದು ಕ್ಯಾನ್ ಸಮ ಹಂಚಿಕೆಯಾಗುತ್ತದೆ. ಕುಡಿಯುವ ಅನುಕ್ರಮ ಹೀಗಿರಲಿ: ಪಿಲ್ಸ್ನರ್, ಪೇಲ್ ಏಲ್, ಹೇಜಿ, ಕೊನೆಗೆ ವೆಸ್ಟ್ ಕೋಸ್ಟ್. ವೆಸ್ಟ್ ಕೋಸ್ಟ್ ಮೊದಲು ಕುಡಿದರೆ ಅದರ ಕಹಿ ನಾಲಿಗೆಯ ಮೇಲೆ ಕೂತು, ಮುಂದಿನ ಪಿಲ್ಸ್ನರ್ ನೀರು ಅನಿಸುತ್ತದೆ. ನಡುನಡುವೆ ಬಾಯಿಗೆ ಸಾದಾ ನೀರು ಮತ್ತು ಖಾರ ಹಚ್ಚದ ಚುರುಮುರಿ. ಮಸಾಲಾ ಶೇಂಗಾ ಹೋಲಿಕೆ ಮುಗಿದ ಮೇಲೆ ಬರಲಿ.

ಸಮಯವೂ ಮುಖ್ಯ. ಸಂಜೆ ಕತ್ತಲಾಗುವ ಹೊತ್ತಿಗೆ ಗಲ್ಲಾದ ಹತ್ತಿರದ ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚುತ್ತಾರೆ. ಆಮೇಲೆ ಅರ್ಧ ಗಂಟೆ ಮೂಗಿಗೆ ಬೇರೇನೂ ತಿಳಿಯುವುದಿಲ್ಲ. ಕೈ ತೊಳೆಯುವ ಬೇಸಿನ್ನಿನಲ್ಲಿ ಹಾಕಿದ ಡಾಂಬರ್ ಗುಳಿಗೆ, ಪಕ್ಕದ ಟೇಬಲ್ಲಿನ ಸಿಗರೇಟು, ಎಲೆ ಅಡಿಕೆ, ಮಿಂಟ್ ಗುಳಿಗೆ, ಎಲ್ಲವೂ ಹಾಪ್ಸ್ ಪರಿಮಳವನ್ನು ಮುಚ್ಚುತ್ತವೆ. ಅಡುಗೆಮನೆಯಿಂದ ದೂರದ, ಗಾಳಿಯಾಡುವ ಮೂಲೆಯ ಟೇಬಲ್ ಹಿಡಿಯಿರಿ.

ಉಷ್ಣತೆಯ ವಿಷಯದಲ್ಲಿ ನಮ್ಮ ಬಾರುಗಳ ರೂಢಿ ಹಾಪ್ಸ್ ಬಿಯರ್‌ಗೆ ನೇರ ವಿರುದ್ಧ. ಫ್ರೀಜರಿನಲ್ಲಿಟ್ಟು ಹಿಮಗಟ್ಟಿದ ಮಗ್ ಕೊಡುವುದನ್ನು ಮರ್ಯಾದೆ ಎಂದು ತಿಳಿಯುತ್ತಾರೆ. ಆ ಹಿಮ ಕರಗಿ ಬಿಯರ್ ತೆಳುವಾಗುತ್ತದೆ, ಹಿಮದ ಹರಳಿಗೆ ತಾಗಿ ನೊರೆ ಒಮ್ಮೆಲೇ ಉಕ್ಕಿ ಗ್ಯಾಸ್ ಹೋಗುತ್ತದೆ, ಥಂಡಿಗೆ ಎಣ್ಣೆಯ ಪರಿಮಳ ಮೇಲೇಳುವುದೇ ಇಲ್ಲ. ‘ಅಣ್ಣಾ, ಸಾದಾ ಗ್ಲಾಸ್ ಕೊಡ್ರಿ’ ಎಂದು ಮೊದಲೇ ಹೇಳಿಬಿಡಿ. ಪಿಲ್ಸ್ನರ್‌ಗೆ 4ರಿಂದ 7 ಡಿಗ್ರಿ, ಉಳಿದ ಮೂರಕ್ಕೆ 7ರಿಂದ 10 ಡಿಗ್ರಿ ಸೆಲ್ಸಿಯಸ್ ಸರಿ. ಫ್ರಿಜ್‌ನಿಂದ ತೆಗೆದು ಗ್ಲಾಸಿಗೆ ಸುರಿದು ಹತ್ತು ನಿಮಿಷ ಬಿಟ್ಟರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಐಸ್ ಹಾಕುವುದಂತೂ ಬೇಡವೇ ಬೇಡ.

ಗ್ಲಾಸಿನ ಜಿಡ್ಡು ಇನ್ನೊಂದು ಶತ್ರು. ಭಜಿ ಕರಿದ ಎಣ್ಣೆಯ ಹಬೆ ಕೂತ, ಸಾಬೂನು ಸರಿಯಾಗಿ ಹೋಗದ ಗ್ಲಾಸಿನಲ್ಲಿ ನೊರೆ ಒಂದು ನಿಮಿಷವೂ ನಿಲ್ಲುವುದಿಲ್ಲ. ನೊರೆ ಹೋದರೆ ಅದರ ಜೊತೆ ಮೇಲೇಳುವ ಪರಿಮಳವೂ ಹೋಯಿತು. ಸುರಿದ ಮೇಲೆ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಗುಂಪಾಗಿ ಅಂಟಿಕೊಂಡಿದ್ದರೆ ಅಲ್ಲಿ ಜಿಡ್ಡಿದೆ. ಪರೀಕ್ಷೆ ಸುಲಭ: ಗ್ಲಾಸ್ ಒದ್ದೆ ಮಾಡಿ ಒಳಗೆ ಪುಡಿ ಉಪ್ಪು ಉದುರಿಸಿ. ಎಲ್ಲ ಕಡೆ ಸಮನಾಗಿ ಹತ್ತಿದರೆ ಗ್ಲಾಸ್ ಶುದ್ಧ, ಜಿಡ್ಡಿರುವಲ್ಲಿ ಉಪ್ಪು ಹತ್ತುವುದಿಲ್ಲ.

ಪಿಲ್ಸ್ನರ್

1842ರಲ್ಲಿ ಬೊಹೆಮಿಯಾದ (ಈಗಿನ ಚೆಕ್ ದೇಶದ) ಪ್ಲಜೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯಾದ ಬ್ರೂವರ್ ಮೊದಲು ಮಾಡಿದ್ದು. ಅಲ್ಲಿಯ ನೀರು ಬಹಳ ಮೃದು, ಹಾಪ್ಸ್ ಸಾಜ್ ಎಂಬ ತಳಿ. ಸಾಜ್‌ನಲ್ಲಿ ಆಲ್ಫಾ ಆಮ್ಲ ಕೇವಲ 3ರಿಂದ 5 ಪ್ರತಿಶತ, ಆದ್ದರಿಂದ ಕಹಿ ಬರಲು ಬಹಳ ಹಾಕಬೇಕು. ಹಾಗೆ ಬಹಳ ಹಾಕುವುದರಿಂದಲೇ ಅದರ ಒಣಹುಲ್ಲು, ಕಾಳುಮೆಣಸು, ಸೊಪ್ಪಿನ ಘಮ ಬಿಯರ್‌ಗೆ ಇಳಿಯುತ್ತದೆ. ಚೆಕ್ ಶೈಲಿಯ ಒಳ್ಳೆಯ ಪಿಲ್ಸ್ನರ್‌ನಲ್ಲಿ 30ರಿಂದ 45 ಐಬಿಯು ಇರುತ್ತದೆ. ಎಷ್ಟೋ ಪೇಲ್ ಏಲ್‌ಗಳ ಕಹಿ ಇಷ್ಟೇ. ಹಣ್ಣಿನ ವಾಸನೆ ಇಲ್ಲದ್ದರಿಂದ ಇದನ್ನು ಹಾಪ್ಸ್ ಬಿಯರ್ ಎಂದು ಯಾರೂ ಎಣಿಸುವುದಿಲ್ಲ, ಅದು ಅನ್ಯಾಯ.

ನಾಲ್ಕರಲ್ಲಿ ದೋಷವನ್ನು ಮುಚ್ಚಿಡಲಾರದ ಬಗೆ ಇದು. ಹಸಿರು ಬಾಟಲಿಯಲ್ಲಿ ಬಂದು ಫ್ರಿಜ್‌ನ ಮುಂದಿನ ಸಾಲಿನಲ್ಲಿ ನಿಂತರೆ ಬೆಳಕು ಹೊಡೆಯುತ್ತದೆ. ಹಾಪ್ಸ್‌ನ ಕಹಿ ಪದಾರ್ಥ ಬೆಳಕಿಗೆ ಒಡೆದು ಗಂಧಕವಿರುವ ಥಯೋಲ್ ಆಗುತ್ತದೆ, ಮುಚ್ಚಳ ತೆಗೆದ ಕ್ಷಣವೇ ಸುಟ್ಟ ರಬ್ಬರಿನಂಥ ಹೊಲಸು ವಾಸನೆ. ನೇರ ಬಿಸಿಲಿಗೆ ಕೆಲವೇ ನಿಮಿಷ ಸಾಕು, ಟ್ಯೂಬ್‌ಲೈಟಿಗೆ ಕೆಲವು ದಿನ. ಕಂದು ಬಾಟಲಿ ಬಹುಪಾಲು ತಡೆಯುತ್ತದೆ, ಹಸಿರು ಮತ್ತು ಬಿಳಿ ಗಾಜು ತಡೆಯುವುದಿಲ್ಲ, ಕ್ಯಾನ್ ಪೂರ್ತಿ ತಡೆಯುತ್ತದೆ. ಹಸಿರು ಬಾಟಲಿ ಬಿಟ್ಟು ಬೇರೆ ಸಿಗದಿದ್ದರೆ ಹಿಂದಿನ ಸಾಲಿನದನ್ನು, ಸಾಧ್ಯವಾದರೆ ಮುಚ್ಚಿದ ಪೆಟ್ಟಿಗೆಯೊಳಗಿನದನ್ನು ಕೇಳಿ. ಪಿಲ್ಸ್ನರ್ ಸರಿಯಾಗಿ ಸಿಕ್ಕರೆ ಉಪ್ಪು ಶೇಂಗಾದ ಜೊತೆ ಇದಕ್ಕೆ ಸಾಟಿ ಇಲ್ಲ.

ಪೇಲ್ ಏಲ್

ಅಮೆರಿಕನ್ ಪೇಲ್ ಏಲ್‌ನ ಬೆನ್ನೆಲುಬು ಕ್ಯಾಸ್ಕೇಡ್ ಹಾಪ್ಸ್. ಆರೆಗಾನ್‌ನಲ್ಲಿ ಬೆಳೆಸಿ 1972ರಲ್ಲಿ ಬಿಡುಗಡೆಯಾದ ತಳಿ. 1980ರಲ್ಲಿ ಕ್ಯಾಲಿಫೋರ್ನಿಯಾದ ಚೀಕೋದಲ್ಲಿ ಶುರುವಾದ ಸಿಯೆರಾ ನೆವಾಡಾ ಅದನ್ನೇ ಮುಂದಿಟ್ಟು ಮಾಡಿದ ಪೇಲ್ ಏಲ್ (38 ಐಬಿಯು, 5.6 ಪ್ರತಿಶತ ಆಲ್ಕೋಹಾಲ್) ಇಂದಿಗೂ ಈ ಬಗೆಯ ಅಳತೆಗೋಲು. ಮೂಗಿಗೆ ಚಕ್ಕೋತದ ಸಿಪ್ಪೆ, ಹೂವು. ಬಾಯಿಗೆ ತುಸು ಬಿಸ್ಕತ್ತಿನಂಥ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ). ಕೊನೆಗೆ ಚೊಕ್ಕ ಕಹಿ, ಅದು ಹತ್ತು ಸೆಕೆಂಡಿನಲ್ಲಿ ಇಳಿದುಹೋಗುತ್ತದೆ.

ನಮ್ಮ ಮೊದಲ ಸ್ಥಾನ ಇದಕ್ಕೇ. ಕಾರಣ ಮೂರು ಇವೆ, ಮೂರೂ ಓಣಿ ಬಾರಿಗೆ ಸಂಬಂಧಿಸಿದವೇ. ಮಾಲ್ಟ್‌ನ ಆಧಾರ ಇರುವುದರಿಂದ ಪರಿಮಳ ಸ್ವಲ್ಪ ಇಳಿದರೂ ಬಿಯರ್ ಕುಸಿಯುವುದಿಲ್ಲ. ಎರಡೂವರೆ ತಿಂಗಳು ಹಳೆಯ ಕ್ಯಾನ್ ಕೂಡ ಕುಡಿಯುವಂತಿರುತ್ತದೆ. ಆಲ್ಕೋಹಾಲ್ 5ರ ಆಸುಪಾಸು ಇರುವುದರಿಂದ ಖಾರದ ಊಟದ ಜೊತೆ ಬಾಯಿ ಉರಿಸುವುದಿಲ್ಲ. ಮತ್ತು ಇದು ಊಟಕ್ಕಿಂತ ಮುಂಚೆ, ಊಟದ ನಡುವೆ, ಊಟವಾದ ಮೇಲೆ ಎಲ್ಲ ಹೊತ್ತಿಗೂ ನಡೆಯುತ್ತದೆ. ಲಾಗರ್‌ನಿಂದ ಹಾಪ್ಸ್ ಬಿಯರ್ ಕಡೆ ಹೊರಳುವವರಿಗೆ ಮೊದಲ ಗ್ಲಾಸ್ ಇದೇ ಆಗಬೇಕು. ನೇರವಾಗಿ ಐಪಿಎ ಕೊಟ್ಟರೆ ‘ಕಷಾಯ’ ಎಂದು ಬದಿಗಿಡುತ್ತಾರೆ, ಮತ್ತೆ ಮುಟ್ಟುವುದಿಲ್ಲ.

ವೆಸ್ಟ್ ಕೋಸ್ಟ್ ಐಪಿಎ

ಹಾಪ್ಸ್‌ನ ಕಹಿ ಎಂದರೇನು ಎಂದು ತಿಳಿಯಬೇಕಾದರೆ ಕುಡಿಯಬೇಕಾದ ಬಿಯರ್. 50ರಿಂದ 70 ಐಬಿಯು, ಆಲ್ಕೋಹಾಲ್ 6ರಿಂದ 7.5. ನೋಟಕ್ಕೆ ತಿಳಿ, ಬಣ್ಣ ತಿಳಿ ಬಂಗಾರದಿಂದ ತಾಮ್ರದವರೆಗೆ. ಸಿಮ್ಕೋ, ಸೆಂಟೆನಿಯಲ್, ಚಿನೂಕ್‌ನಂಥ ಹಾಪ್ಸ್‌ನಿಂದ ರಾಳ, ಪೈನ್ ಮರ, ಕಿತ್ತಳೆ ಸಿಪ್ಪೆಯ ಘಮ. ಇದರ ಗುಟ್ಟು ನೀರಿನಲ್ಲಿದೆ. ನೀರಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಕಹಿ ಚೂಪಾಗಿ, ಒಣವಾಗಿ ಮುಗಿಯುತ್ತದೆ. ಇಂಗ್ಲೆಂಡಿನ ಬರ್ಟನ್ ಊರಿನ ಬಿಯರ್ ಹೆಸರಾದದ್ದೂ ಅಲ್ಲಿಯ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್) ನೀರಿನಿಂದ. ಈಗ ಎಲ್ಲ ಕಡೆ ಬ್ರೂವರ್‌ಗಳು ಅದೇ ಜಿಪ್ಸಮ್ಮನ್ನು ಅಳೆದು ಹಾಕುತ್ತಾರೆ.

ತಾಜಾ ಇದ್ದಾಗ ಒಂದು ಗ್ಲಾಸ್ ಅಪೂರ್ವ. ಜುಲೈ ಮಳೆ ಬಿಟ್ಟೂಬಿಡದೆ ಹೊಡೆಯುವ ಬೆಳಗಾವಿಯ ಸಂಜೆಗೆ, ಥಂಡಿ ಹವೆಯಲ್ಲಿ, 10 ಡಿಗ್ರಿಗೆ ಬಂದ ವೆಸ್ಟ್ ಕೋಸ್ಟ್ ಬಹಳ ಒಪ್ಪುತ್ತದೆ. ಎರಡನೆಯ ಗ್ಲಾಸಿಗೆ ಕಹಿ ಕೂಡುತ್ತಾ ಹೋಗಿ ನಾಲಿಗೆ ಮರಗಟ್ಟುತ್ತದೆ, ಆಗ ಅದರ ಪರಿಮಳಕ್ಕೆ ಕೊಟ್ಟ ದುಡ್ಡು ವ್ಯರ್ಥ. ಹಳತಾದರೆ ಮೊದಲು ಹೋಗುವುದು ಪೈನ್ ಮತ್ತು ಸಿಪ್ಪೆಯ ಘಮ, ಉಳಿಯುವುದು ಒರಟು ಕಹಿ ಮತ್ತು ಜೇನಿನಂಥ ಮಬ್ಬು ಸಿಹಿ. ನೆನೆದ ರಟ್ಟಿನ ವಾಸನೆ ಬಂದರೆ ಆಮ್ಲಜನಕ ಒಳಹೊಕ್ಕು ಕೆಲಸ ಮುಗಿಸಿದೆ ಎಂದರ್ಥ.

ಆಲ್ಕೋಹಾಲ್ ಲೆಕ್ಕವನ್ನು ಇಲ್ಲೇ ಹೇಳಬೇಕು. 7 ಪ್ರತಿಶತದ 500 ಮಿಲಿ ಕ್ಯಾನ್‌ನಲ್ಲಿ 35 ಮಿಲಿ ಶುದ್ಧ ಆಲ್ಕೋಹಾಲ್ ಇದೆ. 5 ಪ್ರತಿಶತದ 650 ಮಿಲಿ ಬಾಟಲಿಯಲ್ಲಿ ಇರುವುದು 32.5 ಮಿಲಿ. ಕ್ಯಾನ್ ಸಣ್ಣದಿದೆ ಎಂದು ಎರಡು ಕುಡಿದವರು ಎರಡು ದೊಡ್ಡ ಬಾಟಲಿಗಿಂತ ಹೆಚ್ಚು ಕುಡಿದಿರುತ್ತಾರೆ. ಗಾಡಿ ಮನೆಯಲ್ಲೇ ಬಿಟ್ಟು ಆಟೋದಲ್ಲಿ ಬನ್ನಿ.

ಹೇಜಿ ಐಪಿಎ

ಅಮೆರಿಕದ ವರ್ಮಾಂಟ್‌ನಲ್ಲಿ ಬೆಳೆದ ಶೈಲಿ. ಅಲ್ಲಿಯ ದಿ ಆಲ್ಕೆಮಿಸ್ಟ್ ಬ್ರೂವರಿಯ ಹೆಡಿ ಟಾಪರ್ 2011ರಲ್ಲಿ ಕ್ಯಾನ್‌ಗೆ ಬಂದ ಮೇಲೆ ದೇಶದೇಶಗಳಲ್ಲಿ ಅನುಕರಣೆ ನಡೆಯಿತು. ಮಾಡುವ ರೀತಿ ವೆಸ್ಟ್ ಕೋಸ್ಟ್‌ಗೆ ತಿರುವುಮುರುವು. ನೀರಿನಲ್ಲಿ ಸಲ್ಫೇಟ್‌ಗಿಂತ ಕ್ಲೋರೈಡ್ ಸುಮಾರು ಎರಡು ಪಾಲು, ಅದರಿಂದ ಬಾಯಿ ತುಂಬುವ ಮೆತ್ತನೆ. ಧಾನ್ಯದಲ್ಲಿ ಓಟ್ಸ್ ಮತ್ತು ಗೋಧಿ ಸಾಮಾನ್ಯವಾಗಿ 15ರಿಂದ 25 ಪ್ರತಿಶತ, ಅದರ ಪ್ರೋಟೀನಿನಿಂದ ಮಬ್ಬು ಬಣ್ಣ. ಕುದಿಯುವಾಗ ಹಾಪ್ಸ್ ಬಹಳ ಕಡಿಮೆ. ಡ್ರೈ ಹಾಪಿಂಗ್‌ಗೆ ಲೀಟರಿಗೆ 10ರಿಂದ 16 ಗ್ರಾಂ, ಅಂದರೆ ಸಾಧಾರಣ ಪೇಲ್ ಏಲ್‌ನ ಎರಡು ಮೂರು ಪಟ್ಟು. ಸಿಟ್ರಾ, ಮೊಸಾಯಿಕ್‌ನಂಥ ಹಾಪ್ಸ್‌ನಿಂದ ಆಪೂಸ್ ಮಾವು, ಪೇರಲ, ಲೀಚಿಯ ಘಮ. ಅದು ಬರೀ ಹೋಲಿಕೆಯ ಮಾತಲ್ಲ: ಮಾವಿನ ವಾಸನೆಯಲ್ಲಿರುವ ಮಿರ್ಸೀನ್, ಕೊತ್ತಂಬರಿ ಬೀಜದ ಲಿನಲೂಲ್ ಎರಡೂ ಹಾಪ್ಸ್ ಎಣ್ಣೆಯಲ್ಲಿವೆ.

ಇಷ್ಟು ಎಣ್ಣೆ, ಇಷ್ಟು ಪ್ರೋಟೀನ್ ಇರುವುದರಿಂದಲೇ ಇದು ಬೇಗ ಕೆಡುತ್ತದೆ. ಆಮ್ಲಜನಕ ಸ್ವಲ್ಪ ತಾಗಿದರೂ ಹಳದಿ ಬಣ್ಣ ಮಣ್ಣು ಕಂದಾಗುತ್ತದೆ, ಮಾವಿನ ಘಮ ಹೋಗಿ ಒಣ ಹಣ್ಣಿನ ಸಪ್ಪೆ ಸಿಹಿ ಉಳಿಯುತ್ತದೆ. ಗ್ಲಾಸಿಗೆ ಸುರಿದಾಗಲೇ ಬಣ್ಣ ನೋಡಿ. ಕಂದು ಇದ್ದರೆ ಮೂಸುವ ಅಗತ್ಯವೂ ಇಲ್ಲ. ಬೆಣ್ಣೆಯ ವಾಸನೆ ಬಂದರೆ ಅದು ಡೈಅಸಿಟೈಲ್. ಹಾಪ್ಸ್‌ನಲ್ಲೇ ಇರುವ ಕಿಣ್ವಗಳು ಪಿಷ್ಟದ ಉಳಿದ ತುಣುಕುಗಳನ್ನು ಸಕ್ಕರೆಯಾಗಿ ಒಡೆದು, ಯೀಸ್ಟ್ ಮತ್ತೆ ಎದ್ದು ಹುದುಗಿಸಿದಾಗ ಇದು ಹುಟ್ಟುತ್ತದೆ. ಬ್ರೂವರ್ ಅವಸರಪಟ್ಟು ಪ್ಯಾಕ್ ಮಾಡಿದ ಗುರುತು. ಉಬ್ಬಿದ ಕ್ಯಾನ್‌ಗೂ ಇದೇ ಕಾರಣವಿರಬಹುದು, ಅದನ್ನು ಒಡೆಯದೆ ವಾಪಸ್ ಕೊಡಿ. ಇನ್ನು ತೀರಾ ತಾಜಾ ಹೇಜಿಯಲ್ಲಿ ಗಂಟಲು ಕೆರೆಯುವ ಹಸಿ ಒಗರು ಇರುವುದುಂಟು. ಹಾಪ್ಸ್‌ನ ಒಗರು ಪದಾರ್ಥವಾದ ಪಾಲಿಫಿನಾಲ್ ಇನ್ನೂ ತಳಕ್ಕೆ ಇಳಿದಿಲ್ಲ ಎಂದರ್ಥ, ಥಂಡಿಯಲ್ಲಿ ಒಂದೆರಡು ವಾರ ಇಟ್ಟರೆ ಇಳಿಯುತ್ತದೆ. ಕ್ಯಾನ್ ಅಲುಗಾಡಿಸಬೇಡಿ, ಕೊನೆಯ ಒಂದು ಗುಟುಕು ಕ್ಯಾನ್‌ನಲ್ಲೇ ಬಿಡಿ.

ತಾಜಾ ಹೇಜಿ ನಾಲ್ಕರಲ್ಲಿ ಎಲ್ಲಕ್ಕಿಂತ ಚೆಲುವಾದ ಬಿಯರ್ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಓಣಿ ಬಾರಿನ ಫ್ರಿಜ್‌ನಲ್ಲಿ ಅದು ತಾಜಾ ಸಿಗುವ ಸಂಭವ ಕಡಿಮೆ. ಗೋವಾಕ್ಕೆ ಹೋದವರು ಅಲ್ಲಿ ತಯಾರಾಗುವ ಐಪಿಎಗಳನ್ನು, ಗೋವಾ ಬ್ರೂಯಿಂಗ್ ಕಂಪನಿಯ ಏಟ್ ಫಿಂಗರ್ ಎಡ್ಡಿ, ಆರ್ಬರ್‌ನ ಬೀಚ್ ಶ್ಯಾಕ್, ಅಲ್ಲೇ ರುಚಿ ನೋಡಿ ಬರುವುದು ಒಳ್ಳೆಯದು. ಡಿಕ್ಕಿಯಲ್ಲಿ ಹಾಕಿಕೊಂಡು ಚೋರ್ಲಾ ಘಾಟ್ ಹತ್ತಿಸಿದರೆ ಅಬಕಾರಿ ತೊಂದರೆಯೂ ಉಂಟು, ಡಿಕ್ಕಿಯ ಬಿಸಿಗೆ ಬಿಯರ್ ಕೆಡುವುದೂ ಖಂಡಿತ.

ತಾರೀಕು, ಬಿಸಿ, ಕರೆಂಟು

ಲೇಬಲ್ ಮೇಲೆ ಆರು ತಿಂಗಳ ಅವಧಿ ಬರೆದಿದ್ದರೂ ಹಾಪ್ಸ್ ಬಿಯರ್‌ಗೆ ಆ ಲೆಕ್ಕ ಹಿಡಿಯಬೇಡಿ. ನೋಡಬೇಕಾದ್ದು ತಯಾರಾದ ತಾರೀಕು; ಕ್ಯಾನ್‌ನಲ್ಲಿ ಸಾಮಾನ್ಯವಾಗಿ ತಳದಲ್ಲಿ, ಬಾಟಲಿಯಲ್ಲಿ ಲೇಬಲ್ ಅಥವಾ ಕತ್ತಿನ ಮೇಲೆ ಅಚ್ಚಾಗಿರುತ್ತದೆ. ಹೇಜಿಗೆ ಆರರಿಂದ ಎಂಟು ವಾರ, ಪೇಲ್ ಏಲ್ ಮತ್ತು ವೆಸ್ಟ್ ಕೋಸ್ಟ್‌ಗೆ ಮೂರು ತಿಂಗಳು, ಪಿಲ್ಸ್ನರ್‌ಗೆ ನಾಲ್ಕು ತಿಂಗಳು, ಅದೂ ಥಂಡಿಯಲ್ಲಿದ್ದರೆ ಮಾತ್ರ. ಬಿಯರ್ ಉದ್ಯಮದಲ್ಲಿ 3-30-300 ಎಂಬ ರೂಢಿಯ ಲೆಕ್ಕವಿದೆ: 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ ಇಟ್ಟಾಗ ಆಗುವ ಹಾಳು ಹೆಚ್ಚುಕಡಿಮೆ ಒಂದೇ. ಬೆಳಗಾವಿ ಎತ್ತರದ ಊರು, ವಿಜಯಪುರ-ಬಾಗಲಕೋಟೆಯ ಬೇಸಿಗೆ ಇಲ್ಲಿಲ್ಲ. ಆದರೂ ಏಪ್ರಿಲ್‌ನಲ್ಲಿ ಪತ್ರಾಸಿನ ಗೋದಾಮಿನಲ್ಲಿ ಒಂದು ವಾರ ನಿಂತ ಪೆಟ್ಟಿಗೆ ಹಾಪ್ಸ್ ದೃಷ್ಟಿಯಿಂದ ಮುದಿಯಾಗಿಬಿಟ್ಟಿರುತ್ತದೆ. ವಿಜಯಪುರದಲ್ಲಿ ಕೂತು ಓದುತ್ತಿರುವವರು ಮೇಲಿನ ಅವಧಿಗಳನ್ನು ಬೇಸಿಗೆಯಲ್ಲಿ ಅರ್ಧಕ್ಕೆ ಇಳಿಸಿಕೊಳ್ಳಿ.

ಕೆಲವು ಬಾರುಗಳಲ್ಲಿ ರಾತ್ರಿ ಅಂಗಡಿ ಮುಚ್ಚುವಾಗ ಫ್ರಿಜ್ ಕೂಡ ಬಂದ್ ಮಾಡುತ್ತಾರೆ. ಕ್ಯಾನ್ ಮೇಲಿನ ಕಾಗದದ ಸ್ಟಿಕ್ಕರ್ ನೆನೆದು ಒಣಗಿ ಸುಕ್ಕುಗಟ್ಟಿದ್ದರೆ ಹಾಗೆ ನಡೆಯುತ್ತಿದೆ ಎಂದು ಅನುಮಾನಿಸಬಹುದು. ಅಂಥಲ್ಲಿ ಪೇಲ್ ಏಲ್‌ಗಿಂತ ಮುಂದೆ ಹೋಗಬೇಡಿ. ಟ್ಯಾಪ್ ಇರುವ ಕಡೆ ಪೈಪು ತೊಳೆಯುವುದು ಎರಡು ವಾರಕ್ಕೊಮ್ಮೆ ಆಗಲೇಬೇಕು. ಯಾವಾಗ ತೊಳೆದದ್ದು ಎಂದು ನೇರವಾಗಿ ಕೇಳಿ. ತೊಳೆಯದ ಪೈಪಿನ ಬಿಯರ್ ಹುಳಿ ಇಲ್ಲವೆ ಬೆಣ್ಣೆ ವಾಸನೆ ಹೊಡೆಯುತ್ತದೆ, ಕ್ಯಾನ್ ಅದಕ್ಕಿಂತ ಎಷ್ಟೋ ವಾಸಿ.

ಚಕಣಾ ಮತ್ತು ಊಟ

ಮೆಣಸಿನಕಾಯಿಯ ಖಾರವನ್ನು ಆಲ್ಕೋಹಾಲ್ ಹೆಚ್ಚಿಸುತ್ತದೆ, ಕಹಿ ಅದಕ್ಕೆ ಇನ್ನಷ್ಟು ಚೂಪು ಕೊಡುತ್ತದೆ. ಹೀಗಾಗಿ ಖಾರದ ಕೆಂಪು ಸಾರಾದ ತಾಂಬಡಾ ರಸ್ಸಾದ ಜೊತೆ ವೆಸ್ಟ್ ಕೋಸ್ಟ್ ಕುಡಿದರೆ ಕಿವಿ ಬಿಸಿಯಾಗುತ್ತದೆ, ಎರಡೂ ಕೆಡುತ್ತವೆ. ರಸ್ಸಾಕ್ಕೆ ಪೇಲ್ ಏಲ್ ಇರಲಿ, ಅದರ ಮಾಲ್ಟ್ ಸಿಹಿ ಖಾರವನ್ನು ತಗ್ಗಿಸುತ್ತದೆ. ಮಿರ್ಚಿ ಭಜಿಗೆ ಪಿಲ್ಸ್ನರ್ ಅಥವಾ ಪೇಲ್ ಏಲ್, ಕಡಲೆಹಿಟ್ಟಿನ ಎಣ್ಣೆಯನ್ನು ಗ್ಯಾಸು ಮತ್ತು ಕಹಿ ಎರಡೂ ಸೇರಿ ಕತ್ತರಿಸುತ್ತವೆ. ರವಾ ಹಚ್ಚಿ ಕರಿದ ಮೀನಿಗೆ ತಾಜಾ ಹೇಜಿ. ಕೊಬ್ಬಿರುವ, ಖಾರ ಮಿತವಾಗಿರುವ ಸುಕ್ಕಾ ಮಟನ್ನಿಗೆ ವೆಸ್ಟ್ ಕೋಸ್ಟ್ ಸರಿಯಾದ ಜೋಡಿ. ನಂಬಲು ಕಷ್ಟವಾದರೂ ಬೆಳಗಾವಿ ಕುಂದಾಕ್ಕೂ ಅದೇ: ಕಂದಿದ ಹಾಲಿನ ಗಟ್ಟಿ ಸಿಹಿಯನ್ನು ಆ ಕಹಿ ಹದಕ್ಕೆ ತರುತ್ತದೆ. ಒಂದು ಚಮಚ ಕುಂದಾ, ಒಂದು ಗುಟುಕು ಬಿಯರ್, ಅಷ್ಟೇ ಪ್ರಮಾಣ. ಹೇಜಿಯ ಜೊತೆ ಕುಂದಾ ಬರೀ ಸಿಹಿಯ ಮೇಲೆ ಸಿಹಿ. ಬೆಳ್ಳುಳ್ಳಿ ಚಟ್ನಿಯನ್ನು ದೂರವಿಡಿ; ಕೆಲವು ಹಾಪ್ಸ್‌ಗಳಿಗೆ ಸಹಜವಾಗಿಯೇ ಉಳ್ಳಾಗಡ್ಡಿ-ಬೆಳ್ಳುಳ್ಳಿಯ ಛಾಯೆ ಇರುತ್ತದೆ, ಚಟ್ನಿ ಟೇಬಲ್ ಮೇಲಿದ್ದರೆ ವಾಸನೆ ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ.

ಮಾಲೀಕರನ್ನು ಕೇಳುವಾಗ

ಕರ್ನಾಟಕದಲ್ಲಿ ಬಾರುಗಳು ಬಾಟಲಿ, ಕ್ಯಾನ್ ಬಿಯರನ್ನು ರಾಜ್ಯ ಪಾನೀಯ ನಿಗಮದ ಡಿಪೋದಿಂದಲೇ ತರಬೇಕು. ಅಲ್ಲಿಗೆ ಬಾರದ ಬ್ರ್ಯಾಂಡ್ ತರಿಸಿ ಎಂದು ಒತ್ತಾಯಿಸಿ ಫಲವಿಲ್ಲ. ಬರುವ ಬ್ರ್ಯಾಂಡ್‌ಗೂ ಡಿಪೋದಲ್ಲಿ ಕೆಲವು ವಾರ ಕಳೆದಿರಬಹುದು. ಆದ್ದರಿಂದ ಮಾಲೀಕರಿಗೆ ಹೇಳಬೇಕಾದ್ದು ಎರಡೇ: ಪೇಲ್ ಏಲ್ ಕ್ಯಾನ್ ಒಂದು ಪೆಟ್ಟಿಗೆ, ತಯಾರಾದ ತಾರೀಕು ನೋಡಿ. ಪೆಟ್ಟಿಗೆಗೆ 24 ಕ್ಯಾನ್. ನಾಲ್ಕು ಜನ ವಾರಕ್ಕೊಮ್ಮೆ ಬಂದು ಒಂದೊಂದು ಕುಡಿದರೂ ಆರು ವಾರದಲ್ಲಿ ಖಾಲಿ, ಮಾಲೀಕರಿಗೆ ನಷ್ಟವಿಲ್ಲ. ಹೇಜಿಗೆ ಈ ಲೆಕ್ಕ ಕೂಡುವುದಿಲ್ಲ, ಆರು ವಾರ ಕಳೆಯುವಷ್ಟರಲ್ಲಿ ಕೊನೆಯ ಕ್ಯಾನ್‌ಗಳು ಕಂದಾಗಿರುತ್ತವೆ. ಎಂಟು ಜನ ಒಪ್ಪಿದ ಮೇಲೆಯೇ ಅದನ್ನು ತರಿಸಿ, ಫ್ರಿಜ್‌ನ ಕೆಳಗಿನ ಹಿಂದಿನ ಮೂಲೆಯಲ್ಲಿ ಇಡಲು ಹೇಳಿ.